ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್: ಗೆರೆ ಬಂದ ಕೂಡಲೇ ಕ್ಲೀನಿಂಗ್ ಬೇಡ

ರೇಟಿಂಗ್: 5ಕ್ಕೆ 3.5

ಹೊಸದರಲ್ಲಿ ಯಾವ ಪ್ರಿಂಟರ್ ಆದರೂ ಚೆನ್ನಾಗಿಯೇ ಪ್ರಿಂಟ್ ಕೊಡುತ್ತದೆ. ಕೆಲವು ವರ್ಷ ಬಳಸಿದ ಮೇಲೆ ಬಿಳಿ ಗೆರೆ ಬಂದಾಗ, ಬಣ್ಣ ಕೆಟ್ಟಾಗ ಅದನ್ನು ನಾವೇ ಸರಿಮಾಡಿಕೊಳ್ಳಬಹುದಾ ಅನ್ನುವುದೇ ಮುಖ್ಯ. ನನ್ನ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಬಹುತೇಕ ಸಲ ಆಗಿದೆ.

ಪ್ರಿಂಟ್ ಸ್ವಲ್ಪ ಕೆಟ್ಟರೂ ಇದರ ಆಪ್ ಮೊದಲು ತೋರಿಸುವುದು ಹೆಡ್ ಕ್ಲೀನಿಂಗ್, ಅಂದರೆ ಇಂಕ್ ಚಿಮ್ಮಿಸುವ ಭಾಗದಲ್ಲಿ (ಹೆಡ್) ಇಂಕ್ ಹರಿಸಿ ತೊಳೆಯುವುದು. ಅದನ್ನು ಒತ್ತಬೇಡಿ. ಮೊದಲು ನಾಜಲ್ ಚೆಕ್ ಪುಟ ತೆಗೆಯಿರಿ. ಹೆಡ್ಡಿನ ಸಣ್ಣ ತೂತುಗಳಿಂದ (ನಾಜಲ್) ಎಲ್ಲ ಬಣ್ಣ ಬರುತ್ತಿದೆಯಾ ಅಂತ ಗೆರೆ ಎಳೆದು ತೋರಿಸುವ ಪುಟ ಅದು. ಗೆರೆಗಳು ಎಲ್ಲೂ ತುಂಡಾಗದೆ ಬಂದಿದ್ದರೆ ಹೆಡ್ ಕಟ್ಟಿಕೊಂಡಿಲ್ಲ, ತೊಂದರೆ ಬೇರೆ ಕಡೆ ಇದೆ. ಯಾವ ಬಣ್ಣ ನಿಂತಿದೆ ಅಂತ ಫೋಟೋ ನೋಡಿಯೂ ಹೇಳಬಹುದು. ಮುಖಗಳು ಹಸಿರು ಹೊಡೆಯುತ್ತಿದ್ದರೆ ಮಜೆಂಟಾ (ಕಡು ಗುಲಾಬಿ) ಬರುತ್ತಿಲ್ಲ. ಎಲ್ಲ ಕೆಂಪಾದರೆ ಸಯಾನ್ (ತಿಳಿ ನೀಲಿ), ನೀಲಿಗೆ ತಿರುಗಿದರೆ ಹಳದಿ. ಚೆಕ್ ಪುಟದ ಹಳದಿ ಗೆರೆ ಬಿಳಿ ಹಾಳೆಯಲ್ಲಿ ಕಾಣುವುದೇ ಕಷ್ಟ, ಒಳ್ಳೆಯ ಬೆಳಕಿನಲ್ಲಿ ಹಿಡಿದು ನೋಡಿ.

ಗೆರೆ ತುಂಡಾಗಿದ್ದರೆ ಕ್ಲೀನಿಂಗ್ ಬೇಕೇ ಬೇಕು. ಆದರೆ ಎರಡು ಮೂರು ಸಲ ಮಾಡಿ ನಿಲ್ಲಿಸಿ. ಆಫ್ ಮಾಡಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಚೆಕ್ ಮಾಡಿ. ಒಣಗಿದ ಇಂಕ್ ಮೆತ್ತಗಾಗಲು, ಒಳಗೆ ಸೇರಿದ ಗಾಳಿಗುಳ್ಳೆ ಹೋಗಲು ಸಮಯ ಬೇಕು. ಸುಮ್ನೆ ಒತ್ತುತ್ತಾ ಹೋದರೆ ಇಂಕ್ ಎಲ್ಲಿಗೆ ಹೋಗುತ್ತದೆ ಗೊತ್ತಾ? ಪ್ರಿಂಟರ್ ಒಳಗೆ ಇಂಕ್ ಹೀರಿಕೊಳ್ಳುವ ಸ್ಪಂಜಿಗೆ, ಅಂದರೆ ವೇಸ್ಟ್ ಇಂಕ್ ಪ್ಯಾಡ್‌ಗೆ. ಅದು ತುಂಬಿತು ಅಂತ ಲೆಕ್ಕ ಬಂದ ದಿನ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಪ್ಯಾಡನ್ನು ನಾವೇ ಬದಲಿಸಬಹುದು. ನನ್ನದರಲ್ಲಿ ಸರ್ವಿಸ್‌ನವರೇ ಬಿಚ್ಚಬೇಕು. ಒಂದು ಸ್ಪಂಜಿಗಾಗಿ ಇಡೀ ಯಂತ್ರ ಹೊತ್ತುಕೊಂಡು ಹೋಗಬೇಕು ಅನ್ನುವುದು ನನಗೆ ಒಪ್ಪುವ ಮಾತಲ್ಲ. ಒಂದು ಅಂಕ ಹೋಗಿದ್ದು ಅಲ್ಲೇ.

ಚೆಕ್ ಪುಟ ಸರಿ ಇದ್ದೂ ಪ್ರಿಂಟ್ ಕೆಟ್ಟರೆ ಸೆಟ್ಟಿಂಗ್ ನೋಡಿ. ಅಕ್ಷರ ಎರಡೆರಡಾಗಿ, ನೆಟ್ಟಗಿನ ಗೆರೆ ಮುರಿದಂತೆ ಕಂಡರೆ ಚುಕ್ಕಿಗಳು ಸರಿಯಾದ ಜಾಗಕ್ಕೆ ಬೀಳುವಂತೆ ಹೆಡ್ ಅಲೈನ್‌ಮೆಂಟ್ ಮಾಡಬೇಕು. ಸಮ ಅಂತರದಲ್ಲಿ ಅಡ್ಡ ಪಟ್ಟೆ ಬರುತ್ತಿದ್ದರೆ ಡ್ರಾಫ್ಟ್ ಮೋಡ್ (ಕಡಿಮೆ ಇಂಕಿನಲ್ಲಿ ಬೇಗ ಪ್ರಿಂಟ್ ಮಾಡುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಹಾಳೆಯ ಸೆಟ್ಟಿಂಗ್ ಅಂತೂ ಯಾರೂ ಮುಟ್ಟುವುದೇ ಇಲ್ಲ! ನನ್ನದರಲ್ಲಿ ಕಪ್ಪು ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣ ಬೆರೆತದ್ದು), ಉಳಿದವು ಡೈ ಇಂಕ್ (ಬಣ್ಣ ಪೂರ್ತಿ ಕರಗಿದ್ದು). ಹೊಳೆಯುವ ಫೋಟೋ ಹಾಳೆ ಹಾಕಿ ಸೆಟ್ಟಿಂಗ್‌ನಲ್ಲಿ ಸಾದಾ ಹಾಳೆ ಅಂತಲೇ ಬಿಟ್ಟರೆ ಆ ಕಪ್ಪು ಮೇಲೆಯೇ ಕೂತು ಕೈಗೆ ಅಂಟುತ್ತದೆ. ಫೋಟೋ ಪೇಪರ್ ಅಂತ ಆರಿಸಿದರೆ ಬಣ್ಣಗಳನ್ನೇ ಬೆರೆಸಿ ಕಪ್ಪು ಮಾಡಿಕೊಳ್ಳುತ್ತದೆ.

ಹಾಳೆ ತೇವ ಹಿಡಿದಿದ್ದರೆ ಅಕ್ಷರದ ಅಂಚು ಹರಡುತ್ತದೆ. ಅಂಚು ಸುರುಳಿಯಾಗಿದ್ದರೆ ಹೆಡ್‌ಗೆ ತಾಗಿ ಮಸಿ ಬಳಿಯುತ್ತದೆ. ಇನ್ನು ಫಾರ್ವರ್ಡ್ ಆಗಿ ಬಂದ ಚಿಕ್ಕ ಫೋಟೋವನ್ನು ಎ4 ಅಳತೆಗೆ ಹಿಗ್ಗಿಸಿ ಮಸುಕು ಅಂದರೆ ಪ್ರಿಂಟರ್ ಏನು ಮಾಡೀತು ಪಾಪ? ಎ4 ಹಾಳೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬರಲು ಸುಮಾರು 2480 × 3508 ಪಿಕ್ಸೆಲ್ ಬೇಕು.

ಪ್ರಿಂಟರನ್ನು ಅದರದೇ ಪವರ್ ಬಟನ್‌ನಿಂದ ಆಫ್ ಮಾಡಿ, ಗೋಡೆಯ ಸ್ವಿಚ್‌ನಿಂದ ಅಲ್ಲ. ಆಗಲೇ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದು. ವಾರಕ್ಕೊಂದು ಬಣ್ಣದ ಪುಟ ತೆಗೆದರೆ ನಾಜಲ್ ಕಟ್ಟಿಕೊಳ್ಳುವುದು ತುಂಬಾ ಕಡಿಮೆ. ಟ್ಯಾಂಕಿನಲ್ಲಿ ಇಂಕ್ ಕೆಳಗಿನ ಗೆರೆಗಿಂತ ಇಳಿಯದಂತೆ ನೋಡಿಕೊಳ್ಳಿ, ಟ್ಯೂಬಿಗೆ ಗಾಳಿ ಹೊಕ್ಕರೆ ಕೆಲಸ ಜಾಸ್ತಿ.

ಮಕ್ಕಳ ಪ್ರಾಜೆಕ್ಟ್, ಫೋಟೋ ಅಂತ ಆಗಾಗ ಬಣ್ಣದ ಪ್ರಿಂಟ್ ಬೇಕಾದವರು ಧಾರಾಳವಾಗಿ ಇಂಥದ್ದನ್ನು ಕೊಳ್ಳಬಹುದು. ತಿಂಗಳಿಗೊಮ್ಮೆ ಒಂದು ಫಾರ್ಮ್ ತೆಗೆಯುವವರಿಗೆ ಕಪ್ಪು-ಬಿಳುಪು ಲೇಸರ್ ಸಾಕು. ಅದರಲ್ಲಿರುವುದು ಟೋನರ್ ಪುಡಿ, ಒಣಗುವ ಪ್ರಶ್ನೆಯೇ ಇಲ್ಲ.