ಸ್ಕ್ರೀನ್ ರೆಕಾರ್ಡಿಂಗ್ ಸ್ಕ್ರಿಪ್ಟಿಗೆ ಬಬಾಷ್ಕಾ: ಬಳಸಿ ನೋಡಿದ ಮೇಲೆ

ವ್ಯಾಕರಣ ಪಾಠದ ವಿಡಿಯೊಗಳಿಗಾಗಿ ಪರದೆಯನ್ನು ರೆಕಾರ್ಡ್ ಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನು ನಾನು ಬಹುಕಾಲ ಬ್ಯಾಶ್ ಎಂಬ ಶೆಲ್‌ನ (ಟರ್ಮಿನಲ್ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶದ) ಭಾಷೆಯಲ್ಲಿಯೇ ಇಟ್ಟುಕೊಂಡಿದ್ದೆ. ಫೈಲಿಗೆ ‘ಸಂಧಿ ಪ್ರಕರಣ 2’ ಎಂದು ನಡುವೆ ಜಾಗ ಬಿಟ್ಟು ಹೆಸರಿಟ್ಟಾಗಲೆಲ್ಲ, ನಾನು ಎಲ್ಲೋ ಬಿಟ್ಟಿದ್ದ ಉದ್ಧರಣ ಚಿಹ್ನೆಯಿಂದಾಗಿ ಅದು ಕೆಡುತ್ತಿತ್ತು. ಈಗ ಅದನ್ನು ಬಬಾಷ್ಕಾದಲ್ಲಿ ಹೊಸದಾಗಿ ಬರೆದಿದ್ದೇನೆ.

ಬಬಾಷ್ಕಾ ಮಿಖೀಲ್ ಬೋರ್ಕೆಂಟ್ ಅವರು 2019ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ಕ್ಲೋಜರ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್‌ಗಳನ್ನು ಬರೆಯಲು ಅದು ಅನುವು ಮಾಡಿಕೊಡುತ್ತದೆ. ಕ್ಲೋಜರ್ ಸಾಮಾನ್ಯವಾಗಿ ಜಾವಾ ಪ್ರೋಗ್ರಾಂಗಳನ್ನು ನಡೆಸುವ ಜಾವಾ ವರ್ಚುವಲ್ ಮಷೀನಿನ ಮೇಲೆ ನಡೆಯುವುದರಿಂದ ಶುರುವಾಗಲು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಬಬಾಷ್ಕಾ ಗ್ರಾಲ್‌ವಿಎಂ ಎಂಬ ಉಪಕರಣದ ಮೂಲಕ ಮೊದಲೇ ಯಂತ್ರಭಾಷೆಗೆ ಕಂಪೈಲ್ ಆದ ಒಂದೇ ಫೈಲಾಗಿ ಸಿಗುವುದರಿಂದ ಕೀಲಿ ಒತ್ತಿದ ಕೂಡಲೇ ಕೆಲಸ ಆರಂಭಿಸುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಆದೇಶವನ್ನು ದತ್ತಾಂಶವಾಗಿ ಕಟ್ಟುವ ರೀತಿ. ಪರದೆಯ ಯಾವ ಆಯತ, ಸೆಕೆಂಡಿಗೆ ಎಷ್ಟು ಫ್ರೇಮ್, ಮೈಕ್ ಬೇಕೇ ಬೇಡವೇ, ಫೈಲಿನ ಹೆಸರೇನು ಎಂಬುದನ್ನೆಲ್ಲ ಒಂದು ಮ್ಯಾಪ್‌ನಲ್ಲಿ (ಹೆಸರು-ಮೌಲ್ಯಗಳ ಜೋಡಿಗಳಲ್ಲಿ) ಇಡುತ್ತೇನೆ. ಅದನ್ನು ಪಡೆದ ಫಂಕ್ಷನ್ ಪರದೆಯನ್ನು ಹಿಡಿದು ವಿಡಿಯೊ ಮಾಡುವ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ ಬೇಕಾದ ಪದಗಳ ವೆಕ್ಟರನ್ನು (ಕ್ರಮವಾದ ಪಟ್ಟಿಯನ್ನು) ಹಿಂದಿರುಗಿಸುತ್ತದೆ, ಅಷ್ಟೇ. ನಡುವೆ ಶೆಲ್ ಇಲ್ಲದ ಕಾರಣ ಫೈಲಿನ ಹೆಸರು ಇದ್ದ ಹಾಗೆಯೇ ತಲುಪುತ್ತದೆ. ಈ ಫಂಕ್ಷನ್ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲವಾದ್ದರಿಂದ, ಒಂದು ಫ್ರೇಮನ್ನೂ ರೆಕಾರ್ಡ್ ಮಾಡದೆ ಅದನ್ನು ಪರೀಕ್ಷಿಸಬಹುದು.

ಇದರ ಪ್ರಯೋಜನ ಬೇಗನೆ ತಿಳಿಯಿತು. ಸ್ಲಾಪ್ ಎಂಬ ಉಪಕರಣದಿಂದ ಮೌಸ್ ಎಳೆದು ಆಯತ ಆರಿಸಿದಾಗ ಅಗಲ 641 ಪಿಕ್ಸೆಲ್ ಆಗಿಬಿಡಬಹುದು. ಸಾಮಾನ್ಯವಾಗಿ ಬಳಸುವ ಎಚ್.264 ಎಂಬ ವಿಡಿಯೊ ಸಂಕುಚನ ವಿಧಾನದಲ್ಲಿ ಬಣ್ಣದ ಮಾಹಿತಿಯನ್ನು ಎರಡೆರಡು ಪಿಕ್ಸೆಲ್‌ಗಳ ಚೌಕಕ್ಕೆ ಒಂದರಂತೆ ಇಡುವುದರಿಂದ ಬೆಸಸಂಖ್ಯೆಯ ಅಗಲವನ್ನು ಎನ್‌ಕೋಡರ್ ನಿರಾಕರಿಸುತ್ತದೆ. ಅಳತೆಯನ್ನು ಸಮಸಂಖ್ಯೆಗೆ ಇಳಿಸುವ ಒಂದು ಸಾಲಿನ ಫಂಕ್ಷನನ್ನು ದಾರಿಯಲ್ಲಿ ಸೇರಿಸಿದೆ, ಉಳಿದದ್ದೇನನ್ನೂ ಮುಟ್ಟಬೇಕಾಗಲಿಲ್ಲ.

ರೆಕಾರ್ಡಿಂಗ್ ನಿಲ್ಲಿಸುವಲ್ಲಿ ಮಾತ್ರ ನಾನು ಎಡವಿದೆ. ಎಫ್‌ಎಫ್‌ಎಂಪೆಗ್ ಪ್ರೊಸೆಸನ್ನು ಬಲವಂತವಾಗಿ ಕೊಂದುಬಿಟ್ಟೆ. ಎಂಪಿ4 ಫೈಲಿನ ಸೂಚಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ನಲವತ್ತು ನಿಮಿಷದ ಪಾಠ ಯಾವ ಪ್ಲೇಯರಿನಲ್ಲಿಯೂ ತೆರೆಯಲಿಲ್ಲ. ಪ್ರೊಸೆಸ್‌ನ ಇನ್‌ಪುಟ್‌ಗೆ ‘ಕ್ಯೂ’ ಅಕ್ಷರವನ್ನು ಬರೆದು, ಅದು ತಾನಾಗಿ ಮುಗಿಯುವವರೆಗೆ ಕಾಯುವುದೇ ಸರಿಯಾದ ಕ್ರಮ, ಮತ್ತು ಬಬಾಷ್ಕಾದ ಪ್ರೊಸೆಸ್ ಲೈಬ್ರರಿಯಲ್ಲಿ ಅದಕ್ಕೆ ಎರಡು ಮೂರು ಸಾಲು ಸಾಕು. ಈ ಬಳಕೆಯ ಉದಾಹರಣೆ ಕೈಪಿಡಿಯಲ್ಲಿ ಎದ್ದು ಕಾಣುವಂತಿದ್ದರೆ ಹೊಸಬರಿಗೆ ಬಹಳ ಉಪಕಾರವಾದೀತು.

ಕೊರತೆಗಳೂ ಇವೆ. ಜಾವಾದ ಎಲ್ಲ ಕ್ಲಾಸುಗಳೂ ಇಲ್ಲಿ ದೊರೆಯುವುದಿಲ್ಲ. ಬಬಾಷ್ಕಾ ತಾನು ಕಂಪೈಲ್ ಆಗಿದ್ದರೂ ನಮ್ಮ ಕೋಡನ್ನು ಇಂಟರ್‌ಪ್ರಿಟ್ ಮಾಡುವುದರಿಂದ, ಅಂದರೆ ನಡೆಸುವಾಗಲೇ ಓದಿ ಅರ್ಥೈಸುವುದರಿಂದ, ಭಾರಿ ಲೆಕ್ಕಾಚಾರಕ್ಕೆ ಇದು ನಿಧಾನ. ಎನ್‌ಕೋಡಿಂಗಿನ ಭಾರವನ್ನು ಎಫ್‌ಎಫ್‌ಎಂಪೆಗ್ ಹೊರುವುದರಿಂದ ಈ ಕೆಲಸಕ್ಕೆ ಅದು ತೊಡಕಾಗಲಿಲ್ಲ. ಆಯತವೂ ಹೆಸರೂ ಎಂದಿಗೂ ಬದಲಾಗದವರಿಗೆ ಬ್ಯಾಶ್‌ನ ಒಂದೇ ಸಾಲು ಸಾಕು. ಲಿನಕ್ಸ್‌ನಲ್ಲಿ ಪರದೆಯನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಳಸುವವರು, ಹಳೆಯ ವ್ಯವಸ್ಥೆಯಾದ ಎಕ್ಸ್11 ಪರದೆಯನ್ನು ಹಿಡಿಯುವ ಈ ಕ್ರಮ ತಮ್ಮಲ್ಲಿ ನಡೆಯುವುದಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ, ಕಂಪೋಸಿಟರ್ (ಕಿಟಕಿಗಳನ್ನು ಜೋಡಿಸಿ ಪರದೆಗೆ ತರುವ ತಂತ್ರಾಂಶ) ಒಪ್ಪುವುದಾದರೆ, ಆಯತ ಆರಿಸಲು ಸ್ಲರ್ಪ್ ಮತ್ತು ರೆಕಾರ್ಡ್ ಮಾಡಲು ಡಬ್ಲ್ಯುಎಫ್-ರೆಕಾರ್ಡರ್ ಬೇಕಾಗುತ್ತವೆ. ಆಯತ ಪಡೆಯುವ, ಆದೇಶ ಕಟ್ಟುವ ಮತ್ತು ನಿಲ್ಲಿಸುವ ಮೂರು ಫಂಕ್ಷನ್‌ಗಳನ್ನು ಬದಲಿಸಿದರೆ ಉಳಿದ ಸ್ಕ್ರಿಪ್ಟ್ ಹಾಗೆಯೇ ನಡೆಯುತ್ತದೆ.