ಸಿದ್ದಾಪುರದ ನರ್ಸರಿಯಲ್ಲಿ ನನ್ನ ಸ್ಲಿಪ್ಪರ್ ಆರ್ಕಿಡ್

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಕಡೆ ನರ್ಸರಿಗಳಿವೆಯಲ್ಲ, ಅಲ್ಲಿನ ಒಂದು ಚಿಕ್ಕ ಅಂಗಡಿಗೆ ಏಳು ವಾರದ ಹಿಂದೆ ನನ್ನ ಸ್ಲಿಪ್ಪರ್ ಆರ್ಕಿಡ್ (ಚಪ್ಪಲಿಯ ಮುಂಭಾಗದಂಥ ಹೂ ಬಿಡುವ ಆರ್ಕಿಡ್) ಗಿಡ ಹೊತ್ತುಕೊಂಡು ಹೋಗಿದ್ದೆ. ಆರ್ಕಿಡ್‌ಗೆ ಕುಂಡ ಬದಲಾಯಿಸಿ ಕೊಡುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ದರು.

ಗಿಡ ಆನ್‌ಲೈನಿನಲ್ಲಿ ತರಿಸಿದ್ದು, ಎಲೆ ಮೇಲೆ ತಿಳಿ-ಕಡು ಹಸಿರಿನ ಮಚ್ಚೆ ಇರುವ ಜಾತಿ. ಹನುಮಂತನಗರದ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಒಂದು ಹೂ ಬಿಟ್ಟು, ಅದು ಎರಡು ತಿಂಗಳು ಬಾಡದೆ ನಿಂತಿತ್ತು. ಮಳೆಗಾಲ ಶುರುವಾದದ್ದೇ ಎಲೆಗಳು ಕುಂಡದ ಅಂಚಿನ ಮೇಲೆ ಜೋತುಬಿದ್ದವು. ಬಣ್ಣ ಹಸಿರೇ, ಮುಟ್ಟಿದರೆ ಮಾತ್ರ ನಿನ್ನೆಯ ವೀಳ್ಯದೆಲೆಯಷ್ಟು ಮೆತ್ತಗೆ. ಬಾಯಾರಿದೆ ಅಂದುಕೊಂಡು ದಿನಾ ನೀರು ಹಾಕಿದೆ. ನಾನು ಸಾಗರದ ಕಡೆಯವಳು. ಹಲಸಿನ ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್ ಸೀತಾಳೆ ದಂಡೆ ಮಳೆಗಾಲ ಪೂರ್ತಿ ನೆನೆದರೂ ಚೆನ್ನಾಗಿರೋದನ್ನೇ ನೋಡಿ ಬೆಳೆದವಳು. ಆರ್ಕಿಡ್‌ಗೆ ನೀರು ಹೆಚ್ಚಾಗಬಹುದು ಅಂತ ಹೊಳೆಯಲೇ ಇಲ್ಲ.

"ಅಣ್ಣಾ, ಇದಕ್ಕೆ ಯಾವ ಟಾನಿಕ್ ಹಾಕಲಿ?" ಅಂತ ಅಂಗಡಿಯವರನ್ನು ಕೇಳಿದೆ. "ಟಾನಿಕ್ ಇರಲಿ ಅಮ್ಮಾ, ಮೊದಲು ಬೇರು ನೋಡೋಣ" ಅಂದರು. ಈ ಒಂದು ಮಾತಿಗೇ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಹಳೇ ಪೇಪರ್ ಹಾಸಿ ಕುಂಡ ಬೋರಲು ಹಾಕಿದರು. ಮೇಲೆ ತೊಗಟೆ ಚೂರು ಕಾಣುತ್ತಿತ್ತೇ ಹೊರತು ನಡುವೆ ಇದ್ದದ್ದು ಕೊಕೊಪೀಟಿನ (ತೆಂಗಿನ ನಾರಿನ ಪುಡಿಯ) ಗಟ್ಟಿ ಉಂಡೆ. ಹಿಂಡಿದರೆ ನೀರು ಸುರಿಯಿತು, ಹುಳಿ ವಾಸನೆ ಬಂತು. ಮಾರಿದವರು ಹಾಗೇ ತುಂಬಿ ಕಳಿಸಿದ್ದರು.

ಬೇರುಗಳೆಲ್ಲ ಕಂದು ಕಂದಾಗಿ ರೋಮ ರೋಮವಾಗಿತ್ತು. ಎಲ್ಲವೂ ಸತ್ತಿವೆ ಅಂತ ನನ್ನ ಜೀವ ಹಾರಿತು. ಸ್ಲಿಪ್ಪರ್‌ಗೆ ಬೇರಿನ ಬಣ್ಣವೇ ಅದು, ಕಣ್ಣಿಂದ ನೋಡಿದರೆ ಗೊತ್ತಾಗಲ್ಲ, ಒತ್ತಿ ನೋಡಬೇಕು ಅಂದರು. ನನ್ನ ಕೈಲೇ ಒತ್ತಿಸಿದರು. ಒಂದು ಬೇರು ಗಟ್ಟಿಯಾಗಿತ್ತು, ತುದಿ ಬೆಳ್ಳಗಿತ್ತು. ಪಕ್ಕದ್ದನ್ನು ಹಿಡಿದೆಳೆದರೆ ಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ದಾರವಷ್ಟೇ ಉಳಿಯಿತು. ಹನ್ನೊಂದರಲ್ಲಿ ಬದುಕಿದ್ದದ್ದು ಮೂರು. ಬೇರು ಕೊಳೆತರೆ ಕುಂಡದಲ್ಲಿ ಎಷ್ಟೇ ನೀರಿದ್ದರೂ ಎಲೆಗೆ ಏರುವುದಿಲ್ಲ. ಡೆಂಡ್ರೋಬಿಯಂ ಅನ್ನುವ ಇನ್ನೊಂದು ಬಗೆಯ ಆರ್ಕಿಡ್‌ನ ಹಾಗೆ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡವೂ ಇದಕ್ಕಿಲ್ಲ, ಹಾಗಾಗಿ ಎಲೆ ಬೇಗ ಸೋಲುತ್ತದೆ. ಪೂರ್ತಿ ಒಣಗಿಸಿದರೂ ಎಲೆ ಹೀಗೇ ಜೋಲುವುದರಿಂದ, ಬೇರು ಬಿಚ್ಚಿ ನೋಡದೆ ಯಾವುದೆಂದು ಹೇಳಲಾಗದು. ಬುಡದ ನಡು ಗಟ್ಟಿಯಿದೆಯಾ, ಎಲೆ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯಾ ಅಂತಲೂ ನೋಡಿದರು. ಬುಡ ಗಟ್ಟಿಯಿತ್ತು, ತಿಗಣೆ ಇರಲಿಲ್ಲ.

ಬ್ಲೇಡನ್ನು ಬೆಂಕಿಗೆ ಹಿಡಿದು ಕೊಳೆತದ್ದನ್ನೆಲ್ಲ ಕತ್ತರಿಸಿದರು. ಪೈನ್ ತೊಗಟೆ, ಇದ್ದಿಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಹಾಕಿ ಮೊದಲಿಗಿಂತ ಚಿಕ್ಕ ಕುಂಡದಲ್ಲಿ ಕೂರಿಸಿದರು. ಇರುವ ಮೂರು ಬೇರಿಗೆ ದೊಡ್ಡ ಕುಂಡ ಮತ್ತೆ ಕೊಳೆಗೇ ದಾರಿಯಂತೆ. ಎಲ್ಲ ಸೇರಿ 210 ರೂಪಾಯಿ. ಬೋರ್‌ವೆಲ್ ನೀರಿನ ಉಪ್ಪು ಬೇರಿನ ಮೇಲೆ ಕೂರುತ್ತದೆ, ಮಳೆನೀರು ಹಿಡಿದು ಹಾಕಿ ಅಂದರು. ತಾರಸಿಯಲ್ಲಿ ಬಕೆಟ್ ಇಟ್ಟಿದ್ದೇನೆ.

ಒಂದು ಬೇಸರ: ಮನೆಗೆ ಅಂತ ಕೊಂಡ ಮಿಶ್ರಣದ ಚೀಲದಲ್ಲಿ ಪುಡಿ ಬಹಳ. ಜರಡಿ ಹಿಡಿದಾಗ ಕಾಲುಭಾಗ ಕೆಳಗೆ ಬಿತ್ತು. ಆ ಪುಡಿಯೇ ತಳಕ್ಕಿಳಿದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅವರಂಥವರು ಅದನ್ನು ಜರಡಿ ಹಿಡಿದೇ ಮಾರಬೇಕಿತ್ತು.

ಹಳೇ ಎಲೆಗಳು ಇನ್ನೂ ಜೋತೇ ಇವೆ, ಅವು ಮತ್ತೆ ನೆಟ್ಟಗಾಗೋದು ಅನುಮಾನ ಅಂತ ಅವರು ಅವತ್ತೇ ಹೇಳಿದ್ದರು. ಆದರೆ ನಡುವಿನಿಂದ ಬೆರಳ ಗೆಣ್ಣಿನಷ್ಟುದ್ದದ ಹೊಸ ಎಲೆ ನೆಟ್ಟಗೆ ಎದ್ದಿದೆ. ನೀವು ಹೋಗುವುದಾದರೆ ಗಿಡವನ್ನು ಕುಂಡ ಸಮೇತ ಒಯ್ಯಿರಿ. ನಾನು ಮೊದಲ ದಿನ ಬರೀ ಫೋಟೋ ತೋರಿಸಿದ್ದಕ್ಕೆ ಅವರು ಏನೂ ಹೇಳಲೊಪ್ಪಲಿಲ್ಲ.