ಗ್ರಾಫಿಕ್ಸ್ ಕಾರ್ಡೋ, ಪ್ರೊಸೆಸರೋ: ಮದುವೆ ವಿಡಿಯೊ ಎಡಿಟಿಂಗಿಗೆ ನಾನು ಹಾಕಿ ನೋಡಿದ ದುಡ್ಡಿನ ಲೆಕ್ಕ

ಮದುವೆ ವಿಡಿಯೊ ಎಡಿಟ್ ಮಾಡುವವರು ಗ್ರಾಫಿಕ್ಸ್ ಕಾರ್ಡಿಗೆ ಮೂವತ್ತು ಸಾವಿರ ಸುರಿಯುವ ಮೊದಲು ತಮ್ಮ ಪ್ರೊಸೆಸರ್ ಯಾವುದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಷ್ಟು ತಿಳಿಯಲು ನನಗೆ ಏಳು ಸಾವಿರ ರೂಪಾಯಿ ಕೈಬಿಟ್ಟಿತು. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಪ್ರೊಸೆಸರ್ ಬದಲಿಸುವುದರ ಕಡೆಗೇ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಸ್ಟುಡಿಯೊ. ಅಲ್ಲಿನ ಕಂಪ್ಯೂಟರಿನಲ್ಲಿ ರೈಜನ್ 5 3600 ಪ್ರೊಸೆಸರ್, 32 ಜಿಬಿ ಡಿಡಿಆರ್4 ರ‍್ಯಾಮ್ ಮತ್ತು 2016ರಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1050 ಟಿಐ ಕಾರ್ಡ್ ಇದ್ದವು. ಹಳೆಯ ಕ್ಯಾಮೆರಾದ 8 ಬಿಟ್ ಫೂಟೇಜ್ ಇರುವವರೆಗೆ ಈ ಜೋಡಣೆ ಯಾವ ತಕರಾರನ್ನೂ ತೆಗೆದಿರಲಿಲ್ಲ. ಹೊಸ ಕ್ಯಾಮೆರಾ ಕೊಂಡು, ಬಣ್ಣ ತಿದ್ದಲು ಅನುಕೂಲವಾಗಲೆಂದು ಅದನ್ನು ಎಚ್.265 (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ), 10 ಬಿಟ್ (8 ಬಿಟ್‌ಗಿಂತ ಹೆಚ್ಚು ಬಣ್ಣದ ಛಾಯೆಗಳು), 4:2:2ಕ್ಕೆ ಹೊಂದಿಸಿದ ಮೇಲೆ ತೊಂದರೆ ಶುರುವಾಯಿತು. ಧಾರೆಯ ದೃಶ್ಯವನ್ನು ಟೈಮ್‌ಲೈನಿನಲ್ಲಿ ಓಡಿಸಿದರೆ ಗಟ್ಟಿಮೇಳ ಮುಂದೆ ಹೋಗುತ್ತಿತ್ತು, ಚಿತ್ರ ಮಾತ್ರ ಹಿಂದೆ ಉಳಿದು, ಎರಚಿದ ಅಕ್ಷತೆ ವಧೂವರರ ತಲೆಯ ಮೇಲೆ ಬೀಳದೆ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಒಬ್ಬನೇ ಕುಳಿತಿದ್ದಾಗ ಇದನ್ನು ಹೇಗೋ ಸಹಿಸಬಹುದು. ಆದರೆ ನಮ್ಮಲ್ಲಿ ಹುಡುಗಿಯ ಮನೆಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, “ಸ್ವಲ್ಪ ಹಿಂದಕ್ಕೆ ತಗೊಳ್ರಿ, ನಮ್ಮ ಅಣ್ಣಾರು ಎಲ್ಲಿದಾರೆ ನೋಡಾಣ” ಎನ್ನುವುದು ವಾಡಿಕೆ. ಪ್ರತಿ ಸಲ ಹಿಂದಕ್ಕೆ ತೆಗೆದುಕೊಂಡಾಗಲೂ ಹತ್ತು ಸೆಕೆಂಡು ಕಾಯಿಸಿದರೆ ಅವರ ಮುಖ ನೋಡುವುದು ಕಷ್ಟ.

ಕಾರ್ಡ್ ಹಳೆಯದಾಗಿದೆ, ಅದನ್ನು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನೇ ತೀರ್ಮಾನಿಸಿ, 29,500 ರೂಪಾಯಿ ಕೊಟ್ಟು 8 ಜಿಬಿಯ ಆರ್‌ಟಿಎಕ್ಸ್ 4060 ತಂದೆ. ಹಾಕಿದ ದಿನವೇ ಎಕ್ಸ್‌ಪೋರ್ಟ್ ಚುರುಕಾಯಿತು, ಬಣ್ಣದ ಎಫೆಕ್ಟುಗಳು ಸರಾಗವಾದವು, ರಿಸೆಪ್ಷನ್ನಿನ ಮಬ್ಬು ಬೆಳಕಿನ ದೃಶ್ಯಗಳಲ್ಲಿ ನಾಯ್ಸ್ (ಚಿತ್ರದ ಮೇಲೆ ಕಾಣುವ ಕಾಳುಕಾಳು) ತೆಗೆಯುವ ಕೆಲಸವಂತೂ ಮೊದಲಿನ ಮೂರನೆಯ ಒಂದು ಭಾಗ ಸಮಯದಲ್ಲಿ ಮುಗಿಯಿತು. ಅಕ್ಷತೆ ಮಾತ್ರ ಇನ್ನೂ ಗಾಳಿಯಲ್ಲೇ ನಿಂತಿತ್ತು.

ಡ್ರೈವರ್ ತೆಗೆದು ಮತ್ತೆ ಹಾಕಿದೆ, ಫೈಲುಗಳನ್ನು ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಸಾಗಿಸಿದೆ, ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್‌ನ ಕ್ಯಾಶ್ ಅಳಿಸಿದೆ; ಮೂರು ದಿನ ಹೀಗೆಯೇ ಕಳೆದವು. ಕೊನೆಗೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಡ್ರೋನಿನ ಕ್ಲಿಪ್ ಓಡಿಸಿದರೆ ಕಾರ್ಡಿನ ‘ವಿಡಿಯೊ ಡಿಕೋಡ್’ ಗೆರೆ ಮೇಲೇಳುತ್ತಿತ್ತು. ಧಾರೆಯ ಕ್ಲಿಪ್ ಓಡಿಸಿದರೆ ಆ ಗೆರೆ ಸೊನ್ನೆಯಲ್ಲೇ ಮಲಗಿರುತ್ತಿತ್ತು, ಪ್ರೊಸೆಸರ್ ಮಾತ್ರ ನೂರಕ್ಕೆ ಏರಿ ಅದರ ಫ್ಯಾನು ಕೂಗುತ್ತಿತ್ತು. ಅಂದರೆ ಹೊಸ ಕಾರ್ಡ್ ಕುಗ್ಗಿಸಿಟ್ಟ ಆ ಫೈಲನ್ನು ಬಿಚ್ಚುವ (ಡಿಕೋಡ್) ಕೆಲಸಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ.

ಇದರ ಮೂಲ 4:2:2 ಎಂಬ ಅಂಕಿಗಳಲ್ಲಿದೆ. ಚಿತ್ರದ ಪ್ರತಿ ಚುಕ್ಕೆಗೂ ಬೆಳಕಿನ ಮಾಹಿತಿಯನ್ನು ಇಟ್ಟುಕೊಂಡು, ಬಣ್ಣದ ಮಾಹಿತಿಯನ್ನು ಅಡ್ಡಸಾಲಿನಲ್ಲಿ ಎರಡು ಚುಕ್ಕೆಗೊಂದರಂತೆ ಇಡುವುದು 4:2:2. ಮೇಲಿಂದ ಕೆಳಕ್ಕೂ ಅದೇ ರೀತಿ ಅರ್ಧಕ್ಕೆ ಇಳಿಸಿ, ನಾಲ್ಕು ಚುಕ್ಕೆಗೆ ಒಂದೇ ಬಣ್ಣದ ಮಾಹಿತಿ ಉಳಿಸುವುದು 4:2:0. ಫೋನು ಮತ್ತು ಸಾಮಾನ್ಯ ಡ್ರೋನುಗಳಲ್ಲಿ ಬರುವುದು ಹೆಚ್ಚಾಗಿ ಎರಡನೆಯದು. ಕಾರ್ಡಿನಲ್ಲಿ ವಿಡಿಯೊ ಬಿಚ್ಚಲೆಂದೇ ಪ್ರತ್ಯೇಕ ಭಾಗವಿದ್ದರೂ, ಆರ್‌ಟಿಎಕ್ಸ್ 40 ಸರಣಿಯವರೆಗೆ ಅದಕ್ಕೆ 4:2:2 ಬಿಚ್ಚಲು ಬರುವುದಿಲ್ಲ; 2025ರಲ್ಲಿ ಬಂದ 50 ಸರಣಿಯಿಂದ ಈ ಸೌಲಭ್ಯವಿದೆ. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರುಗಳೊಳಗಿನ ಪುಟ್ಟ ಗ್ರಾಫಿಕ್ಸ್‌ಗೆ ಎಚ್.265ರ 4:2:2 ಬಿಚ್ಚಲು ಬರುತ್ತದೆ. ನನ್ನ ರೈಜನ್ 3600ರೊಳಗೆ ಗ್ರಾಫಿಕ್ಸ್ ಎಂಬುದೇ ಇಲ್ಲ. ತಪ್ಪು ಕಾರ್ಡಿನದಲ್ಲ, ಕೊಳ್ಳುವ ಮೊದಲು ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆಯದು. ಡಬ್ಬಿ ಒಡೆದ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ.

ಕಾಸು ಖರ್ಚಿಲ್ಲದ ದಾರಿ ಪ್ರಾಕ್ಸಿ. ಮೂಲ ಫೈಲುಗಳ ಹಗುರವಾದ ನಕಲು ಮಾಡಿಕೊಂಡು ಅದರಲ್ಲಿ ಎಡಿಟ್ ಮಾಡಿ, ಕೊನೆಗೆ ಮೂಲದಿಂದ ಎಕ್ಸ್‌ಪೋರ್ಟ್ ಮಾಡುವ ವಿಧಾನವಿದು. ತಾಳ್ಮೆಯುಳ್ಳವರಿಗೆ ಇದೇ ಸಾಕು. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುವುದರಿಂದ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ, ಎರಡು ದಿನದ ಮದುವೆ ಎಂದರೆ 500 ಜಿಬಿ ದಾಟುತ್ತದೆ. ಅಷ್ಟಕ್ಕೂ ಪ್ರಾಕ್ಸಿ ಮಾಡಲು ನನ್ನ ಕಂಪ್ಯೂಟರಿಗೆ ಒಂದು ಇಡೀ ರಾತ್ರಿ ಬೇಕಿತ್ತು, ನಡುರಾತ್ರಿ ಕರೆಂಟು ಹೋದರೆ ನನ್ನ ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು.

ಹೀಗಾಗಿ 4060 ಕಾರ್ಡನ್ನು ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿಗೆ 22,500ಕ್ಕೆ ಕೊಟ್ಟೆ. ಅವನಿಗೆ ಆಟವಾಡಲು ಅದು ಹೇಳಿಮಾಡಿಸಿದ ಕಾರ್ಡು, ಅವನು ಸುಖವಾಗಿದ್ದಾನೆ. ಆ ಹಣದಲ್ಲಿ ಇಂಟೆಲ್ ಐ5-12400 ಪ್ರೊಸೆಸರನ್ನು 13,500ಕ್ಕೂ, ಡಿಡಿಆರ್4 ಹಾಕಬಹುದಾದ ಮದರ್‌ಬೋರ್ಡನ್ನು 8,500ಕ್ಕೂ ತಂದು, ಹಳೆಯ ರ‍್ಯಾಮನ್ನೂ 1050 ಟಿಐಯನ್ನೂ ಅದಕ್ಕೇ ಸೇರಿಸಿದೆ. ಅಂಗಡಿಯಲ್ಲಿ, “ಹೇಗೂ ಕಾರ್ಡ್ ಇದೆಯಲ್ಲ ಸಾರ್, 12400ಎಫ್ ತಗೊಳ್ಳಿ, ಕಡಿಮೆಗೆ ಬರುತ್ತೆ” ಎಂದರು. ಆ ‘ಎಫ್’ ಅಕ್ಷರವಿದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ. ನನಗೆ ಬೇಕಾಗಿದ್ದುದೇ ಆ ಒಳಗಿನ ಗ್ರಾಫಿಕ್ಸ್.

ಜೋಡಿಸಿದ ರಾತ್ರಿಯೂ ಅಕ್ಷತೆ ಬೀಳಲಿಲ್ಲ ಎಂಬುದನ್ನು ಹೇಳಲೇಬೇಕು. ಕಾರ್ಡ್ ಹಾಕಿದ್ದರಿಂದ ಬೋರ್ಡು ತಾನಾಗಿಯೇ ಒಳಗಿನ ಗ್ರಾಫಿಕ್ಸನ್ನು ಮುಚ್ಚಿಬಿಟ್ಟಿತ್ತು. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ) ‘ಐಜಿಪಿಯು ಮಲ್ಟಿ ಮಾನಿಟರ್’ ಎಂಬುದನ್ನು ತೆರೆದು, ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗಿನಲ್ಲಿ ಡಿಕೋಡಿಂಗಿಗೆ ಇಂಟೆಲ್ ಎಂದು ಗುರುತು ಹಾಕಿದ ಮೇಲೆ, ಬೆಳಗಿನ ಜಾವ ಎರಡೂವರೆಗೆ ಆ ಅಕ್ಷತೆ ಕೆಳಗೆ ಬಿತ್ತು. ಬೋರ್ಡು ಬದಲಾದುದರಿಂದ ವಿಂಡೋಸ್ ಲೈಸೆನ್ಸನ್ನು ಮತ್ತೆ ಸಕ್ರಿಯಗೊಳಿಸಬೇಕಾಯಿತು, ಅದು ಐದು ನಿಮಿಷದ ಕೆಲಸ.

50 ಸರಣಿಯ ಆರ್‌ಟಿಎಕ್ಸ್ 5060 ಕಾರ್ಡ್ ಇರುವ ಗೆಳೆಯನ ಸ್ಟುಡಿಯೊ ಚಿತ್ರದುರ್ಗದಲ್ಲಿದೆ. ಅದೇ ಧಾರೆಯ ಫೈಲುಗಳನ್ನು ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಅಲ್ಲಿ ಓಡಿಸಿ ನೋಡಿದೆ. ಟೈಮ್‌ಲೈನ್ ನನ್ನದರಷ್ಟೇ ಸರಾಗ, ಎಕ್ಸ್‌ಪೋರ್ಟ್ ಮತ್ತು ನಾಯ್ಸ್ ತೆಗೆಯುವುದರಲ್ಲಿ ನನ್ನದಕ್ಕಿಂತ ಬಹಳ ಮುಂದೆ. ಅದರಲ್ಲಿ ಇನ್ನೊಂದು ಹೆಚ್ಚುಗಾರಿಕೆಯೂ ಇದೆ: ಎಚ್.265ಕ್ಕಿಂತ ಹಳೆಯ ವಿಧಾನವಾದ ಎಚ್.264ರ 4:2:2 ಫೈಲುಗಳನ್ನೂ ಅದು ಬಿಚ್ಚುತ್ತದೆ, ನನ್ನ 12400 ಬಿಚ್ಚುವುದಿಲ್ಲ. ಕ್ಯಾಮೆರಾವನ್ನು ಎಚ್.265ರಲ್ಲಿಯೇ ಇಡುವ ನನಗೆ ಅದು ಬೇಕಿಲ್ಲ, ಬಾಡಿಗೆ ಕ್ಯಾಮೆರಾಮನ್‌ಗಳಿಂದ ಬಗೆಬಗೆಯ ಫೂಟೇಜ್ ಬರುವವರಿಗೆ ಖಂಡಿತ ಬೇಕು. ಇಂಟೆಲ್‌ನ ಆರ್ಕ್ ಎ380 ಕಾರ್ಡಿಗೂ ಎಚ್.265ರ 4:2:2 ಬರುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಮುಂಗಡ ಕೊಟ್ಟು ತರಿಸಬೇಕೆಂದರು, ಹಾಗಾಗಿ ಹಾಕಿ ನೋಡಿಲ್ಲ.

ತಿಂಗಳಿಗೆ ಎಂಟು ಹತ್ತು ಮದುವೆ ಒಪ್ಪಿಕೊಂಡು ಮರುದಿನವೇ ಹೈಲೈಟ್ಸ್ ಕೊಡುವವರು 5060ಕ್ಕೆ ಹೋಗಲಿ, ಎರಡು ಸೀಸನ್ನಿನಲ್ಲಿ ಹಣ ಹುಟ್ಟುತ್ತದೆ. ನಾನು ತಿಂಗಳಿಗೆ ಮೂರು ಮದುವೆಗಿಂತ ಹೆಚ್ಚು ಹಿಡಿಯುವುದಿಲ್ಲ. ಹಳೆಯ ರೈಜನ್ ಮತ್ತು ಬೋರ್ಡನ್ನು 8,000ಕ್ಕೆ ಮಾರಿದ್ದರಿಂದ ಪ್ರೊಸೆಸರ್ ಬದಲಾವಣೆ ನನಗೆ ಬಿದ್ದದ್ದು 14,000ಕ್ಕೆ. 1050 ಟಿಐ ಅದೇ ಜಾಗದಲ್ಲಿದೆ. ನಾಯ್ಸ್ ತೆಗೆಯುವ ಕೆಲಸವಿದ್ದ ದಿನ ಊಟಕ್ಕೆ ಏಳುವ ಮುನ್ನ ರೆಂಡರ್ ಹಚ್ಚಿ, ಬಾಗಿಲು ಎಳೆದುಕೊಂಡು ಕೆಳಗಿಳಿಯುತ್ತೇನೆ.